ಕಾರಿನ ಗಾಜಿನಾಚೆಯ ಕಡಲು

ಅವ್ವನಿಗೆ ಕಡಲಿನಲ್ಲಿ ಒಮ್ಮೆ ಕಾಲಿಡಬೇಕೆಂಬ ಆಸೆ ಇತ್ತು. ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಬದುಕು ಸವೆಸಿದವಳು. ಘಾಟಿ ಇಳಿದು ಧರ್ಮಸ್ಥಳಕ್ಕೆ ಎಷ್ಟೋ ಸಲ ಹೋಗಿ, ಕೈಮುಗಿದು, ಅಲ್ಲಿಂದಲೇ ವಾಪಸಾಗಿದ್ದಳು. ಇನ್ನೆರಡು ಗಂಟೆ ಬಸ್ಸಿನಲ್ಲಿ ಕೂತಿದ್ದರೆ ಕಡಲು. ಮರುದಿನ ತೋಟದ ಕೆಲಸಕ್ಕೆ ಹಾಜರಾಗಬೇಕಿತ್ತು, ಕೂರಲಿಲ್ಲ. ನಾನು ಟೀಚರಾದ ಮೇಲೆ ಒಂದು ದಸರಾ ರಜೆಯಲ್ಲಿ ಅವಳನ್ನು ಕರೆದುಕೊಂಡು ಹೊರಟೆ. ಕಾರು ನನ್ನ ನಾದಿನಿಯದು, ಓಡಿಸಿದ್ದು ನನ್ನ ಗಂಡ. ನಾದಿನಿ ಮುಂದಿನ ಸೀಟಿನಲ್ಲಿ, ನಾನೂ ಅವ್ವನೂ ಹಿಂದೆ.

ಮಳೆಗಾಲ ಮುಗಿಯಿತು ಎಂದು ನಾವು ಅಂದುಕೊಂಡಿದ್ದೆವು, ಮಳೆ ಅಂದುಕೊಂಡಿರಲಿಲ್ಲ. ಕಡಲ ದಂಡೆಯ ಊರು ನೋಡಲೆಂದು ಇಟ್ಟುಕೊಂಡಿದ್ದ ಒಂದೇ ದಿನ ಬೆಳಗಿನಿಂದಲೇ ಧೋ ಎಂದು ಸುರಿಯಿತು. ದೀಪಸ್ತಂಭ ಹತ್ತಲು ಬಿಡಲಿಲ್ಲ, ದ್ವೀಪಕ್ಕೆ ದೋಣಿ ಹೊರಡಲಿಲ್ಲ. ದೇವಸ್ಥಾನ ನೋಡಿ, ಊಟ ಮುಗಿಸಿ, ಕಡಲ ದಂಡೆಯಲ್ಲಿ ಕಾರು ನಿಲ್ಲಿಸಿದಾಗ ಮೂರು ಗಂಟೆ.

ಅವ್ವ ಚೀಲದಿಂದ ಪ್ಲಾಸ್ಟಿಕ್ ಹಾಳೆ ತೆಗೆದು, ಮೂಲೆ ಮಡಚಿ, ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟುಕೊಂಡಳು. ಕೊಪ್ಪೆ. ತೋಟದಲ್ಲಿ ಕಳೆ ತೆಗೆಯುವ ಹೆಂಗಸರು ಮಳೆಗೆ ಹಾಕಿಕೊಳ್ಳುವುದು ಇದನ್ನೇ. ಅದರಡಿಯಲ್ಲಿ ದುಡಿದೇ ಅವಳು ನನ್ನನ್ನು ಓದಿಸಿದ್ದು. ಸೀರೆ ಎತ್ತಿ ಸಿಕ್ಕಿಸಿಕೊಂಡು, "ಇಳೀತೀನಿ ಮಗಾ" ಎಂದಳು.

ನಾದಿನಿ ತಿರುಗಿ ನೋಡಿದರು. ಅವರ ಕಣ್ಣು ಕೊಪ್ಪೆಯಿಂದ ಅವ್ವನ ಬರಿಗಾಲಿಗೆ ಇಳಿಯಿತು, ಅಷ್ಟೇ. ನನಗೆ ಮಾನ ಹೋದಂತಾಯಿತು.

"ಅದನ್ನ ತೆಗಿ ಅವ್ವ. ಜ್ವರ ಬರ್ತದೆ. ಹೊಳವಾಗ್ಲಿ, ಆಮೇಲೆ ಇಳಿಯಾಣ" ಎಂದೆ.

"ನಂಗೆ ಮಳೇಲಿ ಜ್ವರ ಬರ್ತದಾ ಮಾರಾಯ್ತಿ?" ಅವ್ವ ನಕ್ಕಳು. ನಾನು ನಗಲಿಲ್ಲ. ಅವಳು ಕೊಪ್ಪೆ ಮಡಚಿ ಚೀಲಕ್ಕೆ ಹಾಕಿದಳು.

ನಮ್ಮೂರ ಹತ್ತಿರದ ದೇವರಮನೆ ಗುಡ್ಡದಲ್ಲಿ ನಾವು ಕಾಯುವುದು ಹೀಗೇ. ಎಂಥ ಮಳೆ, ಮಂಜು ಇದ್ದರೂ ಕಾಲು ಗಂಟೆ ಸುಮ್ಮನೆ ಕೂತರೆ ಮಳೆ ಬಿಟ್ಟು ಹೊಳವಾಗುತ್ತದೆ, ಕಣಿವೆ ಕಾಣುತ್ತದೆ. ಕಡಲಿಗೂ ಆ ಲೆಕ್ಕವನ್ನೇ ಹಚ್ಚಿದೆ. ನಾಲ್ಕಾಯಿತು, ಐದಾಯಿತು. ವೈಪರ್ ಗಾಜು ಒರೆಸಿದಾಗಲೆಲ್ಲ ಅವ್ವ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಹೊರಗೆ ಯಾರದೋ ಸಂಸಾರ, ಅಜ್ಜಿಯೂ ಸೇರಿ, ತೊಪ್ಪೆಯಾಗಿ ನೆನೆದುಕೊಂಡು ಅಲೆಯಲ್ಲಿ ಆಡುತ್ತಿತ್ತು. ಬೇರೆಯವರ ಅಜ್ಜಿ ನೆನೆದರೆ ಯಾರ ಮಾನವೂ ಹೋಗುವುದಿಲ್ಲ. ಮಳೆ ಬಿಡಲೇ ಇಲ್ಲ, ಕತ್ತಲಾಯಿತು. ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಬಹುದೆಂಬ ಸುದ್ದಿ ಬಂದದ್ದರಿಂದ ಮರುದಿನ ಬೆಳಗಾಗುತ್ತಲೇ ಹೊರಟುಬಂದೆವು.

ಲೈನ್ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಹೆಂಗಸರು ಅವ್ವನನ್ನು ಸುತ್ತಿಕೊಂಡು ಕೂತರು. ನಾನು ಒಳಗೆ ಅವರಿಗೆಲ್ಲ ಕಾಫಿ ಸೋಸುತ್ತಿದ್ದೆ.

"ಸಮುದ್ರದ ನೀರು ನಿಜವಾಗ್ಲೂ ಉಪ್ಪಾ?" ಯಾರೋ ಕೇಳಿದರು.

"ಬಾಯಿಗೆ ಹಾಕ್ಕಂಡು ನೋಡ್ದೆ ಕಣೇ. ಗಂಟ್ಲು ಉರೀತು" ಎಂದಳು ಅವ್ವ. ಮೊಣಕಾಲುದ್ದ ನೀರಿಗೆ ಇಳಿದದ್ದು, ಕಾಲಡಿಯ ಮರಳು ಜಾರಿದ್ದು, ಬೀಳದ ಹಾಗೆ ನಾನು ಕೈ ಹಿಡಿದುಕೊಂಡದ್ದು, ಎಲ್ಲವನ್ನೂ ಹೇಳಿದಳು. ನಾನು ಕಂಡಂತೆ ಒಂದು ಸುಳ್ಳೂ ಆಡದವಳು.

"ಮಗಳು ಅಂದ್ರೆ ನಿನ್ ಮಗಳು ಮಾರಾಯ್ತಿ" ಎಂದರು ಪಕ್ಕದ ಮನೆಯಾಕೆ.

ಕಾಫಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿ ಮುಂದಿಟ್ಟುಕೊಂಡು ಒಳಗೇ ನಿಂತಿದ್ದೆ. ಯಾವ ಮುಖ ಹೊತ್ತು ಹೊರಗೆ ಹೋಗಲಿ? ಕೊನೆಗೆ ಅವ್ವನೇ ಎದ್ದು ಬಂದು ತಟ್ಟೆ ಎತ್ತಿಕೊಂಡು ಹೋದಳು. ನನ್ನ ಕಡೆ ನೋಡಲಿಲ್ಲ.