ತಕ್ಕಡಿಗೆ ಸಿಗದ ತೂಕ

ಕೋಲ್ಕತ್ತಾದ ಆಫೀಸಿಗೆ ಕಾಲಿಟ್ಟ ದಿನವೇ ನನ್ನ ಮೇಲಿನವರು ‘ಓಜೊನ್ ತೆಗಿ’ ಅಂದರು. ಓಜೊನ್ ಅಂದರೆ ತೂಕ ಅಂತ ಪಕ್ಕದವಳು ಪಿಸುಗುಟ್ಟಿದಳು. ನಾನೋ ಮಧುಗಿರಿಯವಳು, ಯಾರ ತೂಕ, ನನ್ನದಾ ಅಂತ ಕೇಳಿ ನಗೆಪಾಟಲಾದೆ. ಅವರು ಕೇಳಿದ್ದು ಸಮೀಕ್ಷೆಯ ತೂಕ. ಅನ್ನ ಬೆಂದಿದೆಯಾ ನೋಡಲು ನಾವು ಒಂದಗುಳು ಹಿಸುಕುತ್ತೇವಲ್ಲ, ಸಮೀಕ್ಷೆಯೂ ಹಾಗೇ. ಆ ಅಗುಳು ಎಷ್ಟು ಅಗುಳಿನ ಪರವಾಗಿ ಮಾತಾಡುತ್ತಿದೆ ಅನ್ನುವ ಲೆಕ್ಕವೇ ತೂಕ.

ಇಲ್ಲಿ ನನಗೆ ಏನೂ ಒಗ್ಗಲಿಲ್ಲ. ಬೆಳಿಗ್ಗೆ ಮುಡಿ, ಅಂದರೆ ನಮ್ಮ ಕಡ್ಲೆಪುರಿ. ಆಮೇಲೆ ಎರಡು ಹೊತ್ತೂ ಅನ್ನ. ಮುದ್ದೆ ಕಟ್ಟುತ್ತಿದ್ದರೆ ಮನೆಯೊಡತಿ ಬಂದು ಬೆರಣಿಯ ಹಾಗೆ ಗೋಡೆಗೆ ಮೆತ್ತುತ್ತೀಯಾ ಅಂದಳು. ಕೆಲಸವೂ ಖಾಯಂ ಅಲ್ಲ. ಇವತ್ತೋ ನಾಳೆಯೋ ಗಂಟುಮೂಟೆ ಕಟ್ಟು ಅಂದಾರು ಅಂತ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಸೀಮೆಯದೇ ಸಮೀಕ್ಷೆ ಕೈಗೆ ಬಂತು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತಾಯಂದಿರ ಆರೋಗ್ಯ. ಕೆಲಸ ಬಿಟ್ಟುಹೋದವನೊಬ್ಬ ಕೋಷ್ಟಕ ಮಾಡಿಟ್ಟಿದ್ದ. ನಾನು ಅಂದವಾಗಿ ಟೈಪು ಮಾಡಿದರೆ ಸಾಕಿತ್ತು. ಆದರೆ ಅದು ನಮ್ಮ ಹೆಂಗಸರಿಗೆ ರಕ್ತಹೀನತೆ ಅಷ್ಟೇನಿಲ್ಲ ಅನ್ನುತ್ತಿತ್ತು. ನನ್ನ ಅಜ್ಜಿಯ ಊರು ಪಾವಗಡದ ನಾಗಲಮಡಿಕೆ ಕಡೆ. ಅಲ್ಲಿ ಬಿಳಿಚಿದ ಮುಖಗಳನ್ನು ನೋಡಿಯೇ ಬೆಳೆದವಳು ನಾನು, ನಂಬಿಕೆ ಬರಲಿಲ್ಲ.

ಕೆದಕಿದೆ. ಪುಣ್ಯಾತ್ಮ ‘ತೂಕ’ ಅಂತಿದ್ದ ಕಾಲಂ ಎತ್ತಿಕೊಂಡಿದ್ದ. ಅದು ಅಂಗನವಾಡಿಯಲ್ಲಿ ನಿಲ್ಲಿಸಿ ತೂಗಿದ ಕಿಲೋ! ಮೈಕೈ ತುಂಬಿದವಳ ಮಾತಿಗೆ ಹೆಚ್ಚು ಬೆಲೆ, ಸೊರಗಿದವಳ ಮಾತಿಗೆ ಕಡಿಮೆ. ಪಾವಗಡದ ದೂರದ ಹಳ್ಳಿಗಳಲ್ಲಿ ಕೆಲವೇ ಮನೆ ಕೇಳಿದ್ದರು. ಅಲ್ಲಿ ಒಬ್ಬಳ ಮಾತು ಇಡೀ ಊರಿನ ಮಾತಿಗೆ ಸಮ. ಅದನ್ನೂ ಇವನು ಕಿಲೋ ಲೆಕ್ಕದಲ್ಲೇ ತೂಗಿದ್ದ. ಸರಿಯಾದ ತೂಕ ಕಾಲಂನಲ್ಲಿ ಇರುವುದೇ ಇಲ್ಲ. ಸಾಫ್ಟ್‌ವೇರು ಸಮೀಕ್ಷೆಯ ವಿನ್ಯಾಸವನ್ನೆಲ್ಲ ಒಂದೇ ಗಂಟು ಕಟ್ಟಿ, ತೂಕವನ್ನು ಒಳಗೆ ಅವಿತಿಟ್ಟಿರುತ್ತದೆ. ಆ ಗಂಟಿನ ಹೆಸರು ಹೇಳಿ ‘ವೇಯ್ಟ್ಸ್’ ಅಂತ ಕೇಳಿದರೆ ಮಾತ್ರ ಬಿಚ್ಚಿ ಕೊಡುತ್ತದೆ. ಕೇಳಿದೆ, ಕೊಟ್ಟಿತು. ಹೊಸ ಲೆಕ್ಕದಲ್ಲಿ ರಕ್ತಹೀನತೆ ಏರಿ, ಪಾವಗಡ ಎದ್ದು ಕೂತಿತ್ತು.

ಮೊನ್ನೆ ಬಂದವಳು ಇವರ ತಪ್ಪು ಹಿಡಿದರೆ ಕೆಲಸ ಉಳಿದೀತಾ? ಆದರೂ ದೀದಿಗೆ ತೋರಿಸಿದೆ. ದೀದಿ ಅಂದರೆ ಅಕ್ಕ. ಮೇಲಿನವರನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಆಕೆ ಹಳೆಯ ಕೋಷ್ಟಕವನ್ನು ತೆಗೆಸಿದರು. ಆರು ತಿಂಗಳು ತುಂಬುತ್ತಲೇ ನನ್ನನ್ನು ಖಾಯಂ ಮಾಡಿದರು.

ಇನ್ನು ಇಲ್ಲೇ ಇರ್ತೀನಿ ಅಂತ ಅವ್ವನಿಗೆ ಫೋನಲ್ಲಿ ಹೇಳಿದೆ. ಹ್ಞೂಂ ಅಂದಳು. ಆಮೇಲೆ, “ಸರ್ವೇದೋರು ಬಂದಿದ್ರು ಕಣಮ್ಮ. ಒಂದೇ ಒಲೇಲಿ ಉಣ್ಣೋರು ಯಾರ್ಯಾರು ಅಂದ್ರು. ನಿಮ್ಮಣ್ಣ, ಅತ್ಗೆ, ಮಕ್ಳ ಜತೆ ನಿನ್ನೂ ಬರಸ್ಬುಟ್ಟೆ” ಅಂದಳು.

ಆರು ತಿಂಗಳು ಊರು ಬಿಟ್ಟವರನ್ನು ಮನೆಯ ಲೆಕ್ಕಕ್ಕೆ ಹಿಡಿಯಬಾರದು, ಹಿಡಿದರೆ ಲೆಕ್ಕವೆಲ್ಲ ಏರುಪೇರು ಅಂತ ತಿಳಿಸಿ ಹೇಳಿದೆ. ಅವ್ವ ಗಾಬರಿಯಾದಳು.

“ತಪ್ಪಾಯ್ತಾ? ನಾಳೆ ತಿರ್ಗಾ ಬತ್ತಾರೆ. ನಿನ್ ಹೆಸ್ರು ಹೊಡ್ದಾಕ್ಸ್‌ಲಾ?”

ಹೌದು ಅನ್ನಲು ಬಾಯಿ ತೆರೆದೆ.

“ಬ್ಯಾಡ, ಇರ್ಲಿ ಬುಡವ್ವ” ಅಂದೆ.