ಸೋಸಿದ ಗೇರ್ ಆಯಿಲ್

ಗೇರ್‌ಬಾಕ್ಸ್ ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಬಿಸಿ ಎಣ್ಣೆಯನ್ನು ಮೂಸಿ ನೋಡಿಯೇ ಒಳಗೇನಾಗಿದೆ ಎಂದು ಹೇಳುತ್ತಿದ್ದುದರಿಂದ ಎಲ್ಲರೂ ಅವನನ್ನು ಮೂಗಣ್ಣ ಎನ್ನುತ್ತಿದ್ದರು. ಹೆಸರು ಕೇಳಿ ಮಾತು ಬಾರದವನೆಂದು ಕೈಸನ್ನೆ ಮಾಡುತ್ತ ಬಂದ ಗಿರಾಕಿಗಳು, ಅವನ ಬಾಯಿಗೆ ಸಿಕ್ಕಿ ಅರ್ಧ ಗಂಟೆ ಅಲ್ಲಾಡದೆ ನಿಂತದ್ದೂ ಉಂಟು.

ಹದಿನೆಂಟು ವರ್ಷದಿಂದ ಅವನು ಅಕ್ಕನ ಗಂಡನ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ಕಾರಿನ ಕೆಳಗಿನ ಕೆಲಸವೆಲ್ಲ ಅವನದು. ಹಿಂದಿನ ಕೋಣೆಯ ಬೀಗದ ಕೈ ಮಾತ್ರ ಭಾವನ ಸೊಂಟದಲ್ಲಿ. ಎಣ್ಣೆ ಡಬ್ಬಿ ಅಲ್ಲಿಂದ ಹೊರಗೆ ಬರುತ್ತಿತ್ತು, ಇವನು ಹುಯ್ಯುತ್ತಿದ್ದ.

ಒಂದು ಮಧ್ಯಾಹ್ನ, ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ನರ್ಸಮ್ಮ ತಮ್ಮ ಹಳೇ ಆಟೋಮ್ಯಾಟಿಕ್ ಕಾರನ್ನು ತಳ್ಳಿಸಿಕೊಂಡು ಬಂದರು. ಮುಖ ಕೆಂಪಗಾಗಿತ್ತು.

"ಮೂಗಣ್ಣ, ಮೂರು ವಾರದ ಹಿಂದೆ ನೀವೇ ತಾನೇ ಗೇರ್ ಆಯಿಲ್ ಬದಲಾಯಿಸಿದ್ದು? ಇವತ್ತು ದಿಬ್ಬದ ಮೇಲೆ ಎಷ್ಟು ಒತ್ತಿದರೂ ಇಂಜಿನ್ ಕಿರುಚ್ತು, ಗಾಡಿ ಹಿಂದಕ್ಕೇ ಜಾರ್ತು. ಅಲ್ಲಿ ಒಬ್ಬಳು ನೋವು ತಿನ್ತಾ ಮಲಗಿದ್ಲು. ನಾನು ಬ್ಯಾಗ್ ಹೊತ್ಕೊಂಡು ಓಡಿದೆ. ಪುಣ್ಯ, ತಾಯಿ ಮಗು ಇಬ್ಬರೂ ಉಳಿದರು."

ಮೂಗಣ್ಣ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಿಸಿಯಾಗುವವರೆಗೆ ಓಡಲು ಬಿಟ್ಟ. ಅಳತೆ ಕಡ್ಡಿ ಎಳೆದು ಒರೆಸಿ, ಮತ್ತೆ ಇಳಿಸಿ ಎಳೆದ. ಮಟ್ಟ ಸರಿಯಾಗಿಯೇ ಇತ್ತು. ಆದರೆ ತಿಳಿಗೆಂಪಗೆ ಇರಬೇಕಾದ ಎಣ್ಣೆ ಕೆಸರಿನಂತೆ ಕಪ್ಪಗಿತ್ತು. ಸುಟ್ಟ ನಾತ ಹೊಡೆಯುತ್ತಿತ್ತು.

ಹೊಸ ಎಣ್ಣೆ ಮೂರೇ ವಾರಕ್ಕೆ ಹೀಗಾಗುವುದಿಲ್ಲ. ಅವನು ಸೀದಾ ಹಿಂದಿನ ಕೋಣೆಗೆ ನಡೆದ. ಭಾವ ಊಟಕ್ಕೆಂದು ಎದ್ದವನು ಬೀಗ ಹಾಕುವುದನ್ನು ಮರೆತಿದ್ದ. ಒಳಗೆ ಒಂದು ಡ್ರಮ್ಮು. ಅದರ ಬಾಯಿಗೆ ಹಳೇ ಪಂಚೆ ಬಿಗಿದಿತ್ತು. ಕಾರುಗಳಿಂದ ಇಳಿಸಿದ ಕರಿ ಎಣ್ಣೆ ಅದರಲ್ಲಿ ಸೋಸಿ ತೊಟ್ಟಿಕ್ಕುತ್ತಿತ್ತು. ಬಟ್ಟೆಯ ಮೇಲೆ ಲೋಹದ ಪುಡಿ, ಕೂದಲು, ಕಾಲು ಮೇಲೆ ಮಾಡಿ ಸತ್ತ ಜಿರಳೆಗಳು. ಪಕ್ಕದಲ್ಲಿ ಎಣ್ಣೆಗೆ ಕಲೆಸುವ ಕೆಂಪು ಬಣ್ಣದ ಪುಡಿ, ಅದನ್ನು ತುಂಬಲು ಇಟ್ಟ ಹೊಸ ಡಬ್ಬಿಗಳ ಸಾಲು.

"ಏನೋ ಅದು, ಭೂತ ಕಂಡವನ ಹಾಗೆ ನಿಂತಿದ್ದೀಯ?" ಭಾವ ಬಾಯಿ ಒರೆಸಿಕೊಳ್ಳುತ್ತ ಬಂದ. "ಎಣ್ಣೆ ಎಣ್ಣೇನೇ ಕಣೋ. ಕಾರಿಗೇನು ನಾಲಿಗೆ ಇದೆಯಾ?"

"ಥೂ! ಇದನ್ನ ನನ್ನ ಕೈಯಲ್ಲಿ ಹುಯ್ಸಿದ್ರಾ ಭಾವ?"

"ನಿನ್ನ ಮೂಗಿಗೆ ಗೊತ್ತಾಗ್ಲಿಲ್ವಾ?"

ಆ ಮಾತು ನಾಟಿತು. ಗೊತ್ತಾಗಿತ್ತು. ಐದಾರು ತಿಂಗಳಿಂದ ಡಬ್ಬಿ ತೆರೆದಾಗಲೆಲ್ಲ ಆ ವಾಸನೆ ಬಂದಿತ್ತು. ನನ್ನ ಕೈಯದೇ ಇರಬೇಕು ಎಂದು ಅವನು ಸುಮ್ಮನಾಗಿದ್ದ. ಭಾವನ ಮೇಲೆ ಬಂದ ಹೇಸಿಗೆ ಅರ್ಧ ದಾರಿಯಲ್ಲೇ ತಿರುಗಿ ಅವನ ಮೇಲೇ ಬಂದು ಕೂತಿತು.

ಹೊರಗೆ ಬಂದು, ಭಾವನ ಎದುರಿಗೇ, ನರ್ಸಮ್ಮನಿಗೆ ಎಲ್ಲ ಹೇಳಿಬಿಟ್ಟ. ಆಕೆ ಬೈಯಲಿಲ್ಲ. ಎಣ್ಣೆ ಮೆತ್ತಿದ ಅವನ ಕೈ ನೋಡಿ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಬೈದಿದ್ದರೇ ವಾಸಿಯಿತ್ತು.

ಅಕ್ಕನಾದರೂ ತನ್ನ ಕಡೆಗೆ ಬಂದಾಳೆಂದು ಅವಳ ಮನೆಗೆ ಹೋಗಿ ವಿಷಯ ಹೇಳಿದ.

"ಗೊತ್ತು ಕಣೋ," ಎಂದಳು ಅಕ್ಕ, ತಲೆ ಎತ್ತದೆ. "ಆ ಪಂಚೆ ಒಗೆಯೋಳು ನಾನೇ ಅಲ್ವಾ. ನೀನು ಸುಮ್ಮನಿದ್ದಿದ್ರೆ ಆಗ್ತಿತ್ತು. ಕೂತ್ಕೋ, ಬಡಿಸ್ತೀನಿ."

ಹಿತ್ತಿಲ ತಂತಿಯ ಮೇಲೆ ಆ ಪಂಚೆಯ ಜೋಡಿ, ಮಕ್ಕಳ ಅಂಗಿಗಳ ನಡುವೆ ಒಣಗುತ್ತಿತ್ತು. ಮೂಗಣ್ಣ ಕೂರಲಿಲ್ಲ.

ಮಾರನೆಯ ದಿನ ಕೆಲಸ ಬಿಟ್ಟ. ನರ್ಸಮ್ಮನ ಗೇರ್‌ಬಾಕ್ಸನ್ನು ಗೆಳೆಯನ ಶೆಡ್ಡಿನಲ್ಲಿ ಬಿಚ್ಚಿ, ಸುಟ್ಟ ಕ್ಲಚ್ ಪ್ಲೇಟುಗಳನ್ನು ಬದಲಾಯಿಸಿ, ಸೀಲು ಒಡೆಯದ ಡಬ್ಬಿಯನ್ನು ಆಕೆಯ ಕೈಯಲ್ಲೇ ತೆರೆಸಿದ. ಆಮೇಲೆ ಆ ಎಣ್ಣೆ ಹಾಕಿಸಿಕೊಂಡ ಒಬ್ಬೊಬ್ಬರ ಮನೆಗೂ ಹೋದ. ಒಬ್ಬರು ಬಾಗಿಲಲ್ಲೇ ಉಗಿದರು. ಇಬ್ಬರು ಬಂದು ಬದಲಾಯಿಸಿಕೊಂಡರು. ಉಳಿದವರ ಮಾತು ಹೆಚ್ಚು ಕಡಿಮೆ ಒಂದೇ.

"ಗಾಡಿ ಓಡ್ತಾ ಇದೆಯಲ್ಲ, ಬಿಡಿ," ಎಂದರು ಅವರಲ್ಲೊಬ್ಬರು, ದರ್ಜಿ. "ನಿಮ್ಮ ಭಾವಂದು ಒಳ್ಳೇ ಕೈ."

ವರ್ಷ ಕಳೆದರೂ ಗ್ಯಾರೇಜಿನ ಮುಂದೆ ಕಾರುಗಳ ಸಾಲು ಕರಗಿಲ್ಲ. ಮೂಗಣ್ಣ ಶೆಡ್ಡಿಗೆ ಹೋಗುವಾಗ ಸುತ್ತು ಹಾಕಿಕೊಂಡು ಬೇರೆ ಬೀದಿಯಲ್ಲಿ ಹೋಗುತ್ತಾನೆ.