ಅಕ್ಕೋರ ಮಜ್ಜೆ ಅಕ್ಕೋರಿಗೇ

ಮೊನ್ನೆ ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಖಾನಾವಳಿಯಿಂದ ಬಳ್ಳೊಳ್ಳಿ ಜಜ್ಜಿದ ವಾಸನೆ ಬಂತು. ಉಳಿದವರಿಗೆ ಹಸಿವಾಗಿರಬೇಕು. ನನಗೆ ಮಾತ್ರ ಮುಂಬಯಿಯ ಆಸ್ಪತ್ರೆ ನೆನಪಾಯಿತು, ಅಕ್ಕೋರು ನೆನಪಾದರು...

ಅಕ್ಕೋರು ನನಗೆ ಐದನೇ ಕ್ಲಾಸು ಕಲಿಸಿದವರು, ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಎದೆಯ ಕ್ಯಾನ್ಸರು ಆಪರೇಷನ್ ಆದ ಮೇಲೂ ಶ್ವಾಸಕೋಶಕ್ಕೆ ಹಬ್ಬಿತ್ತು. ಮುಂಬಯಿಯಲ್ಲಿ ಹೊಸ ಚಿಕಿತ್ಸೆ ಬಂದಿದೆಯಂತೆ, ಎಲುಬಿನ ಮಜ್ಜೆಯೂ ಸಾಯುವಷ್ಟು ಜೋರು ಔಷಧ ಕೊಟ್ಟು ಆಮೇಲೆ ಬೇರೆ ಮಜ್ಜೆ ತುಂಬುತ್ತಾರಂತೆ, ಬದುಕಬಹುದಂತೆ. ಅಷ್ಟು ಕೇಳಿದ್ದೇ, ಕಾಲುವೆಗೆ ನೀರು ಬಿಟ್ಟ ದಿನದ ಹಾಗೆ ನಮ್ಮ ಓಣಿ ಎದ್ದು ನಿಂತಿತು.

ಯಾರ ಮಜ್ಜೆ? ಅವ್ವ ತಾನು ಕೊಡುತ್ತೇನೆಂದಳು. ಎದುರುಮನೆಯವರು ತಾವು ಎಂದರು. ಸಂತೆಕಲ್ಲೂರಿನಿಂದ ಬಂದ ಅಕ್ಕೋರ ತಮ್ಮ, ನಮಗೆಲ್ಲ ಕಾಕಾ, ಎಲ್ಲರ ಬಾಯಿ ಮುಚ್ಚಿಸಿದ.

“ಕಾಲುವಿ ನೀರಿನ ಅನ್ನ ಉಂಡವ್ರ ಎಲುಬಿನ್ಯಾಗ ಏನೈತ್ರಿ? ನಾ ಜ್ವಾಳದ ರೊಟ್ಟಿ ತಿಂದಾಂವ.”

ಹೊರಡುವವರೆಗೂ ದಿನಾ ಕಾಲು ಸೂಪು ಕುಡಿದು ಎಲುಬು ಗಟ್ಟಿ ಮಾಡಿಕೊಂಡ. ಆಗಷ್ಟೇ ಕಾಲೇಜು ಮುಗಿಸಿದ್ದ ನಾನೂ ಅಕ್ಕೋರನ್ನು ನೋಡಿಕೊಳ್ಳಲು ಜೊತೆಗೆ ಹೋದೆ.

ಮುಂಬಯಿಯ ಡಾಕ್ಟರು, ಅಕ್ಕೋರದೇ ಮಜ್ಜೆ ತೆಗೆದು, ಹೆಪ್ಪುಗಟ್ಟಿಸಿ ಇಟ್ಟು, ಔಷಧ ಮುಗಿದ ಮೇಲೆ ಅವರಿಗೇ ಹಾಕುತ್ತೇವೆ ಎಂದರು. ಕಾಕಾನ ಮುಖ ಸಪ್ಪಗಾಯಿತು. “ಅಕ್ಕಂದ ಅಕ್ಕಗ ಕೊಡಾಕ ನಾ ಯಾಕ ಇಷ್ಟು ದೂರ ಬಂದೆ?” ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಔಷಧ ಅವರನ್ನು ಸುಟ್ಟೇಬಿಟ್ಟಿತು. ಕೂದಲು ಹೋಯಿತು, ಬಾಯಿ ತುಂಬ ಹುಣ್ಣು. ಮಜ್ಜೆ ಮರಳಿಸುವ ದಿನ ಮಾಸ್ಕು ಕಟ್ಟಿಕೊಂಡು ನಾನು ಹತ್ತಿರವೇ ನಿಂತಿದ್ದೆ. ಚೀಲದಿಂದ ಅದು ರಕ್ತದ ಹಾಗೆ ನರಕ್ಕೆ ಇಳಿಯುತ್ತಿದ್ದಂತೆ ಕೋಣೆಯೆಲ್ಲ ಬಳ್ಳೊಳ್ಳಿ ವಾಸನೆ. ಕೆಡದಂತೆ ಬೆರೆಸಿದ ಔಷಧದ್ದು ಎಂದಳು ನರ್ಸು. ಅಕ್ಕೋರು ಕಣ್ಣು ಬಿಟ್ಟು ಕೇಳಿದರು, “ನನ್ನ ಎಲುಬಿಗೆ ಯಾರಬೇ ಒಗ್ಗರಣಿ ಹಾಕ್ಯಾರ?”

ಆಮೇಲೆ ಕಾಯುವುದು... ಬಿಳಿ ರಕ್ತಕಣ ಏರದಿದ್ದರೆ ಸಣ್ಣ ಜ್ವರವೂ ಅವರನ್ನು ಒಯ್ಯುತ್ತಿತ್ತು. ಒಂದು ಬೆಳಗ್ಗೆ ಏರಿದವು. ಕಾಕಾನಿಗೆ ಹೇಳಲು ನಾನು ಮೆಟ್ಟಿಲಿಳಿದು ಓಡಿದೆ. ಕಾಕಾ ಎಸ್‌ಟಿಡಿ ಬೂತಿನಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದ, “ಏರ್ಯಾವ, ಅಕ್ಕಂದು ಏರ್ಯಾವ!” ಆ ಕಡೆ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳಂತೆ. ನನ್ನ ಮದುವೆಯಲ್ಲೂ ನಾನು ಅಷ್ಟು ಖುಷಿಪಟ್ಟಿಲ್ಲ.

ಅಕ್ಕೋರು ಊರಿಗೆ ಬಂದರು. ಎಳೆಗೂದಲಿನ ತಲೆಯಲ್ಲೇ ಶಾಲೆಗೆ ಹೋಗಿ, ಕುರ್ಚಿಯಲ್ಲಿ ಕೂತು ಮಗ್ಗಿ ಹೇಳಿಸಿದರು. ಮರು ಬೇಸಿಗೆಗೆ ಕೆಮ್ಮು ಶುರುವಾಯಿತು. ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು.

ಎಷ್ಟೋ ವರ್ಷಗಳ ಮೇಲೆ ಲಿಂಗಸುಗೂರಿನ ಡಾಕ್ಟರೊಬ್ಬರನ್ನು ಆ ಚಿಕಿತ್ಸೆಯ ಬಗ್ಗೆ ಕೇಳಿದೆ. ಆ ಕಾಯಿಲೆಗೆ ಈಗ ಅದನ್ನು ಮಾಡುವುದಿಲ್ಲ, ಸಾಮಾನ್ಯ ಔಷಧಕ್ಕಿಂತ ಅದರಿಂದ ಹೆಚ್ಚು ಆಯುಷ್ಯ ಸಿಗಲಿಲ್ಲ ಎಂದರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮೊನ್ನೆ ಹತ್ತಿದ ಬಸ್ಸಿನಲ್ಲೇ ಕಾಕಾ ಸಿಕ್ಕ. ಹಣ್ಣಾಗಿದ್ದಾನೆ. ಸರಿದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ, “ನಂದು ತಗೊಂಡಿದ್ರ ಅಕ್ಕ ಉಳೀತಿದ್ಳೇನವ್ವಾ?”

“ಯಾರ್ದು ಹಾಕಿದ್ರೂ ಅಷ್ಟ ಆಗ್ತಿತ್ತು ಕಾಕಾ,” ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ.

ಕಾಕಾ ತನ್ನ ಮೊಣಕಾಲು ತಟ್ಟಿಕೊಂಡ. “ಆದ್ರೂ... ಒಮ್ಮಿ ತಗೊಂಡು ನೋಡಬೇಕಿತ್ತು.”

ಎಲ್ಲ ಗೊತ್ತಿದ್ದೂ ನನಗೂ ಹಾಗೇ ಅನ್ನಿಸಿತು.